ಗೂಡಿದ್ದ ನೀಲಗಿರಿ

ನೀಲಗಿರಿ ತೋಪಿನಲ್ಲಿ ಹಕ್ಕಿ ಗೂಡು ಕಟ್ಟುವುದಿಲ್ಲ ಎಂದು ಬೆಂಗಳೂರಿನ ಅಂಚಿನ ಹೊರಮಾವಿನವರು ಖಡಾಖಂಡಿತವಾಗಿ ಹೇಳುತ್ತಿದ್ದರು. ಅಲ್ಲೇ ಗೂಡು ಹೂಡಿದ್ದ ಒಂದು ಗಿಡುಗಕ್ಕೆ ಇದನ್ನು ಯಾರೂ ತಿಳಿಸಿರಲಿಲ್ಲವೋ ಏನೋ. ತೊಂಬತ್ತೇಳರ ಬೇಸಿಗೆಯಲ್ಲಿ, ಪೇಪರ್ ಮಿಲ್ಲಿಗೆಂದು ಸಾಲುಸಾಲಾಗಿ ನೆಟ್ಟ ಮರಗಳ ನಡುವೆ, ಕಡ್ಡಿ ಜೋಡಿಸಿ, ಬೇಲಿಯ ಓತಿಕ್ಯಾತಗಳನ್ನು ಹಿಡಿದು ತಂದು ಎರಡು ಮರಿಗಳನ್ನು ಸಾಕುತ್ತಿತ್ತು. ತೋಪು ಯಾರದೋ, ಗುತ್ತಿಗೆ ಯಾರದೋ, ಅದಕ್ಕೇನು ಗೊತ್ತು.

ಗೂಡನ್ನು ಮೊದಲು ಕಂಡವಳು ಜಟ್ಟೆಮ್ಮ. ರಾಯಚೂರು ಕಡೆಯವಳು. ಗಂಡ ಈರೇಶ ಕಡಿದುರುಳಿಸಿದ ಮರಗಳ ತೊಗಟೆ ಸುಲಿಯುವುದು ಅವಳ ಕೆಲಸ. ಈಗ ತುಂಬಿದ ಬಸುರಿ. ಹೋದ ವರ್ಷದ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಬಸುರಿಯ ಗಂಡ ಗೂಡಿರುವ ಮರಕ್ಕೆ ಕೊಡಲಿ ಹಾಕಬಾರದೆಂದು ಅವಳ ಮನೆಯಲ್ಲಿ ಕಟ್ಟುನಿಟ್ಟು. ಹೋದ ವರ್ಷ ಈರೇಶ ಅಂಥ ಮರ ಕಡಿದಿದ್ದನೋ ಏನೋ, ಕೇಳುವ ಧೈರ್ಯ ಅವಳಿಗೆ ಬಂದಿರಲಿಲ್ಲ. ಈ ಮರಿಗಳು ಹಾರಿದರೆ ತನ್ನ ಕೂಸೂ ಉಳಿಯುತ್ತದೆ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

"ಅದೊಂದು ಗಿಡ ಕಡೀಬ್ಯಾಡ್ರಿ. ಮರಿ ಹಾರೋತನ ಇರ್ಲಿ," ಎಂದು ಗಂಡನ ಕೈ ಹಿಡಿದಳು.

ಈರೇಶ ಗುತ್ತಿಗೆದಾರ ಮುನಾವರನ ಮುಂದೆ ತಲೆ ಕೆರೆದುಕೊಂಡು ನಿಂತ. ಶಿವಾಜಿನಗರದ ಮುನಾವರನ ಬಾಯಿ ಜೋರು, ಕರುಳು ಮೆತ್ತಗೆ. "ಅರೇ, ಒಂದು ಮರಕ್ಕೆ ನನ್ ಮನೆಯೇನೂ ಮುಳುಗೋಗಲ್ಲ. ಬಿಟ್ಬಿಡು, ನಿನ್ ಹೆಂಡ್ತಿ ಖುಷಿಯಾಗಿರ್ಲಿ," ಎಂದುಬಿಟ್ಟ.

ನೋಡನೋಡುತ್ತ ತೋಪು ಬಯಲಾಯಿತು. ನಡುವೆ ಆ ಮರವೊಂದೇ ನಿಂತಿತು. ಜಟ್ಟೆಮ್ಮನಿಗೆ ಅದರಲ್ಲಿ ಅಪಾಯವೇನೂ ಕಾಣಲಿಲ್ಲ. ಅವಳ ಊರಿನಲ್ಲಿ ಹೊಲಕ್ಕೊಂದೇ ಬೇವು. ಹುಟ್ಟಿನಿಂದ ಒಂಟಿ, ಯಾವ ಗಾಳಿಗೂ ಜಗ್ಗದು. ಒತ್ತೊತ್ತಾಗಿ ಬೆಳೆದ ಸಣಕಲು ಮರಕ್ಕೆ ಅಕ್ಕಪಕ್ಕದ ಮರಗಳೇ ಆಸರೆ ಎಂಬುದು ಎರೆಹೊಲದ ಈ ಜನಕ್ಕೆ ಹೇಗೆ ತಿಳಿಯಬೇಕು? ಅವಳು ನೆಮ್ಮದಿಯಾಗಿ ತೊಗಟೆ ಸುಲಿಯುತ್ತ ಕೂತಳು. ಹೆರಿಗೆಗೆ ತವರಿಗೆ ಬಾ ಎಂದು ಅವ್ವ ಹೇಳಿಕಳಿಸಿದಾಗಲೂ, "ಇಲ್ಲೇ ಇರ್ತೀನಿ, ನನಗೇನಾಗ್ತದ," ಎಂದಳು.

ಮೇ ತಿಂಗಳ ಒಂದು ಸಂಜೆ ಬಿರುಗಾಳಿ ಎದ್ದಿತು. ಗುಡಿಸಲಿನ ಬಾಗಿಲಲ್ಲಿ ನಿಂತು ಅವಳು ನೋಡುತ್ತಿದ್ದಂತೆಯೇ ಮರ ಬಾಗಿತು, ಇನ್ನೂ ಬಾಗಿತು, ಲಟ್ಟನೆ ಮುರಿಯಿತು.

ಮಳೆ ನಿಂತ ಮೇಲೆ ಈರೇಶ ಕೊಂಬೆಗಳಡಿಯಿಂದ ಮರಿಗಳನ್ನು ತೆಗೆದ. ಎರಡೂ ಸತ್ತಿದ್ದವು. ರೆಕ್ಕೆ ಬಲಿತಿದ್ದವು ಪಾಪ, ಇನ್ನೇನು ಹಾರಬೇಕಿತ್ತು.

"ನಾ ಕಡೀಲಿಲ್ಲ. ನೀನೇ ನೋಡೀದಿ," ಎಂದ ಸಣ್ಣ ದನಿಯಲ್ಲಿ.

"ಸುತ್ತ ಇದ್ದವೆಲ್ಲ ಕಡದ್ರಲ್ರೀ," ಎಂದಳು ಜಟ್ಟೆಮ್ಮ. ಉಳಿಸಿದೆನೆಂದು ಒಳಗೊಳಗೇ ಬೀಗಿದ್ದವಳಿಗೆ ಈಗ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ತಾಯಿ ಗಿಡುಗ ಕಾಲಲ್ಲಿ ಓತಿಕ್ಯಾತ ಹಿಡಿದು ಬಂದಿತು. ಗೂಡಿದ್ದ ಎತ್ತರದಲ್ಲೇ, ಏನೂ ಇಲ್ಲದ ಗಾಳಿಯಲ್ಲಿ, ಸುತ್ತು ಹಾಕಿತು. ಮತ್ತೆ ಹಾಕಿತು. ಇಳಿಯಲು ತಾವಿರಲಿಲ್ಲ.

ಜಟ್ಟೆಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಅದನ್ನೇ ನೋಡಿದಳು.

"ನನ್ನ ಊರಿಗೆ ಕಳಸ್ರಿ," ಎಂದಳು. "ಅವ್ವನ ಹತ್ರ. ಇಲ್ಲಿ ನನ್ನ ಸುತ್ತ ಯಾರೂ ಇಲ್ಲ."