ಪುಟ ಬಿಡದ ಮೇಸ್ತ್ರಿ

ನಮ್ಮ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಒಂದು ದಿನವಾದರೂ ಆ ಲಿಫ್ಟಿನಲ್ಲಿ ನಿಂತು ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಮೆಟ್ಟಿಲು ಹತ್ತಿಯೇ ಬರುತ್ತಿದ್ದರು. ಒಂದು ಮೆಟ್ಟಿಲನ್ನೂ ಬಿಡದೆ, ಆದರೆ ಯಾರೋ ಅಟ್ಟಿಸಿಕೊಂಡು ಬರುತ್ತಿರುವ ವೇಗದಲ್ಲಿ ಹತ್ತಿ, ಪ್ರತಿ ಮಹಡಿಯಲ್ಲೂ ನಿಂತು, ಲಿಫ್ಟಿನ ಮುಚ್ಚಿದ ಬಾಗಿಲಿಗೆ ಅಂಗೈ ಒತ್ತಿ, ಮಲಗಿದ ಮಗುವಿನ ಜ್ವರ ನೋಡುವವರಂತೆ ತಲೆ ಓರೆ ಮಾಡಿ ಆಲಿಸಿ, ಮತ್ತೆ ಮೇಲಕ್ಕೆ ಓಡುತ್ತಿದ್ದರು. ಯಾಕೆ ಹೀಗೆಂದು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದರು: "ಒಳಗೆ ನಿಂತ್ರೆ ಅದರ ಕಾಯಿಲೆಯೆಲ್ಲ ಕಿವಿಗೆ ಬೀಳುತ್ತೆ ಅಕ್ಕ. ಸುಮ್ನೆ ನಿಂತ್ಕೊಳ್ಳೋಕೆ ಆಗಲ್ಲ."

ಸುಮ್ಮನೆ ನಿಲ್ಲಲಾಗದ್ದು ಲಿಫ್ಟಿನಲ್ಲಿ ಮಾತ್ರವಲ್ಲ. ಕುರ್ಚಿ ಕೊಟ್ಟರೆ ಅದರ ಅಂಚಿನಲ್ಲಿ ಕುಳಿತು ಹಿಮ್ಮಡಿ ಕುಣಿಸುತ್ತಿದ್ದರು. ಮೇಜಿನ ಮೇಲಿನ ಕಪ್ಪು ಬಸಿಗಳೆಲ್ಲ ಗಲಗಲ ಎನ್ನುತ್ತಿದ್ದವು. ಬೂದು ಬಣ್ಣದ ಅವರ ಕೆಲಸದ ಕೋಟಿಗೆ ಎಷ್ಟು ಜೇಬುಗಳಿದ್ದರೂ ಕೈ ಎಲ್ಲಿಯೂ ನೆಲೆ ನಿಲ್ಲುತ್ತಿರಲಿಲ್ಲ. ಒಂದರಲ್ಲಿ ಹೋಗಿ ಇನ್ನೊಂದರಿಂದ ಬರುತ್ತಿತ್ತು, ಕಳೆದುಹೋದದ್ದೇನನ್ನೋ ಹುಡುಕುವಂತೆ.

ನನ್ನ ಮನೆಯ ಮುಂದಿನ ಕೋಣೆಯಲ್ಲಿ ಬುಧವಾರದ ಮಧ್ಯಾಹ್ನಗಳಲ್ಲಿ ನಾವು ಕೆಲವರು ಸೇರಿ ಬೈಬಲ್ ಓದುತ್ತೇವೆ. ಪಂಡಿತರು ಯಾರೂ ಇಲ್ಲ. ನಿವೃತ್ತರಾದ ಟೀಚರಮ್ಮ ಅರ್ಥ ಹೇಳುತ್ತಾರೆ, ಔಷಧಿ ಅಂಗಡಿಯವರು ಅದಕ್ಕೆ ತಲೆದೂಗುತ್ತಾರೆ, ನಾನು ಟೀ ಮಾಡುತ್ತೇನೆ, ಕೇಳುತ್ತೇನೆ. ಮೇಸ್ತ್ರಿಯ ಹೆಂಡತಿಯೂ ನಮ್ಮಲ್ಲೊಬ್ಬರಾಗಿದ್ದರು. ಹೊಲಿಗೆ ಕೆಲಸದವರು, ನಡುವಯಸ್ಸಿನಲ್ಲಿ ತಾವಾಗಿಯೇ ನಂಬಿಕೆಗೆ ಬಂದವರು. ಗಂಡ ಬರಲಿಲ್ಲ, ಅವರೂ ಎಳೆಯಲಿಲ್ಲ. ಕಾಯಿಲೆ ಶ್ವಾಸಕೋಶಕ್ಕೆ ಇಳಿದು ಅವರು ಹಾಸಿಗೆ ಹಿಡಿದ ಮೇಲಿನ ಬುಧವಾರ, ಬಾಗಿಲು ತೆರೆದರೆ ಮೇಸ್ತ್ರಿ ನಿಂತಿದ್ದರು. ಬಟ್ಟೆಯ ತುಂಡೊಂದರಲ್ಲಿ ಸುತ್ತಿದ ಹೆಂಡತಿಯ ಬೈಬಲ್ಲು ಕಂಕುಳಲ್ಲಿತ್ತು. ಕೈ ಉಜ್ಜಿ ಉಜ್ಜಿ ತೊಳೆದು ಬಂದಿದ್ದರು, ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ.

"ಅವಳು ಯಾವ ಕುರ್ಚೀಲಿ ಕೂತ್ಕೊತಿದ್ಲು?" ಎಂದರು. ತೋರಿಸಿದೆ. ಕುಳಿತರು. ಕಪ್ಪು ಬಸಿ ಗಲಗಲ ಎಂದವು.

ತಾವು ಬಂದ ಕಾರಣವನ್ನು ಅವರು ಮುಚ್ಚಿಡಲಿಲ್ಲ. ಹೆಂಡತಿ ಒಂದು ಮಾತು ಕೇಳಿದ್ದರಂತೆ. ತನ್ನನ್ನು ಮಣ್ಣು ಮಾಡುವಾಗ ಕೊನೆಯ ಪ್ರಾರ್ಥನೆಯನ್ನು ಪಾಸ್ಟರು ಹೇಳುವುದು ಬೇಡ, ಗಂಡನೇ ಹೇಳಬೇಕು. "ಬಾಯಿಪಾಠ ಒಪ್ಪಿಸ್ಬೇಡಿ. ಎಷ್ಟು ನಂಬ್ತೀರೋ ಅಷ್ಟೇ ಹೇಳಿ. ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗುತ್ತೆ," ಎಂದಿದ್ದರಂತೆ. ಹೇಳುತ್ತ ಮೇಸ್ತ್ರಿ ನಗಲು ನೋಡಿದರು. "ಈಗ ನನ್ ಹತ್ರ ಒಂದು ಮಾತೂ ಇಲ್ಲ. ಅವಳು ಏನನ್ನ ನಂಬಿದಾಳೆ ಅಂತ ತಿಳ್ಕೋಬೇಕು. ಬೇಗ."

ಬೇಗ ಎಂದ ಮನುಷ್ಯ ಬೈಬಲ್ಲನ್ನು ತೆರೆದದ್ದು ಮೊದಲ ಪುಟಕ್ಕೆ. ನಾವು ಓದುತ್ತಿದ್ದುದು ಸುವಾರ್ತೆಯನ್ನು, ಯೇಸುವಿನ ಕಥೆ ಬರುವ ಭಾಗವನ್ನು. ಅದು ಎಷ್ಟೋ ಪುಟಗಳ ಆಚೆ ಇತ್ತು. ಟೀಚರಮ್ಮ ಬೆರಳು ಇಟ್ಟು ತೋರಿಸಿದರು.

"ಇಲ್ಲಿಂದ ಶುರು ಮಾಡಪ್ಪ ಮೇಸ್ತ್ರಿ. ನಿನಗೆ ಬೇಕಾದದ್ದು ಇಲ್ಲೇ ಇದೆ."

"ಹಿಂದಿನದ್ದು?"

"ಅದನ್ನ ಆಮೇಲೆ ನೋಡ್ಕೋಬಹುದು."

"ಕೈಪಿಡಿಯ ನಡುವಿನ ಪುಟ ಬಿಟ್ಟು ಜೋಡಿಸಿದ ಯಂತ್ರಕ್ಕೆ ನಾನು ಜನ ಹತ್ತಿಸಲ್ಲ ಟೀಚರಮ್ಮ," ಎಂದರು ಮೇಸ್ತ್ರಿ. ಅಲ್ಲಿಗೆ ಮುಗಿಯಿತು. ಆ ಮೇಲೆ ಯಾರು ಏನು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆಯೇ.

ಹೀಗೆ ನಮ್ಮ ಕೋಣೆಯಲ್ಲಿ ಎರಡು ಓದು ನಡೆಯತೊಡಗಿತು. ನಾವು ಸಮುದ್ರದ ದಡದಲ್ಲಿ ಯೇಸುವಿನ ಹಿಂದೆ ನಡೆಯುತ್ತಿದ್ದರೆ, ಅವರು ಮೋಶೆಯ ಮುಂದಾಳತ್ವದಲ್ಲಿ ಗುಲಾಮಗಿರಿಯಿಂದ ಬಿಡಿಸಿಕೊಂಡ ಜನರ ಜೊತೆ ಮರಳಿನಲ್ಲಿ ಸುತ್ತುತ್ತಿದ್ದರು. ವಂಶಾವಳಿಗಳನ್ನೂ ಬಿಡಲಿಲ್ಲ, ಯಾರ ಮಗ ಯಾರು ಎಂದು ತುಟಿ ಅಲುಗಿಸುತ್ತ ಓದಿದರು. ಮರುಭೂಮಿಯಲ್ಲಿ ಆ ಜನ ದೇವರಿಗೆಂದು ಕಟ್ಟಿದ ಗುಡಾರದ ಅಳತೆಗಳು ಬಂದಾಗ ಮಾತ್ರ ಮುಖ ಅರಳಿತು. ಕಂಬ, ಕೊಂಡಿ, ಬಳೆ, ಗೂಟ ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿ ನೋಡಿ, "ಇದು ನಿಲ್ಲುತ್ತೆ," ಎಂದು ತೀರ್ಪು ಕೊಟ್ಟರು. ಓದು ಆರಂಭಿಸುವ ಮುನ್ನ ಅವರದೊಂದು ಪ್ರಶ್ನೆಗೆ ಅವಕಾಶ ಕೊಡುವುದು ರೂಢಿಯಾಯಿತು. "ಏನಪ್ಪ, ಇವತ್ತು ಮರುಭೂಮಿ ಸಮಾಚಾರ?" ಎಂದು ಟೀಚರಮ್ಮ ಛೇಡಿಸುತ್ತಿದ್ದರು. ಔಷಧಿ ಅಂಗಡಿಯವರು, "ನೀರು ಸಿಕ್ತಾ, ಇಲ್ವಾ?" ಎನ್ನುತ್ತಿದ್ದರು. ಮೇಸ್ತ್ರಿ ನಗುತ್ತಿರಲಿಲ್ಲ. ನಿಜವಾಗಿಯೂ ಬಾಯಾರಿದವರ ಮುಖ ಅದು.

ಕೆಲಸದ ನಡುವೆಯೂ ಓದುತ್ತಿದ್ದರು, ಕಟ್ಟಡಗಳ ನೆತ್ತಿಯ ಮೇಲಿನ ಯಂತ್ರದ ಕೋಣೆಗಳಲ್ಲಿ, ಹಗ್ಗದ ಚಕ್ರ ತಿರುಗುವ ಸದ್ದಿನ ಪಕ್ಕದಲ್ಲಿ ನಿಂತು. ಪ್ರಶ್ನೆ ಹುಟ್ಟಿದರೆ ಬುಧವಾರದವರೆಗೆ ತಾಳುವ ಜಾಯಮಾನವಲ್ಲ. ಒಂದು ಬೆಳಿಗ್ಗೆ ನಾನು ಬಟ್ಟೆ ಒಣಹಾಕುತ್ತಿರುವಾಗ ಏದುಸಿರು ಬಿಡುತ್ತ ಬಂದರು.

"ಅಕ್ಕ, ಇದು ನ್ಯಾಯಾನಾ? ಆ ಮೋಶೆ ಅಷ್ಟು ಜನಾನ ಕಟ್ಕೊಂಡು, ಅವರ ಬೈಗುಳ ತಿಂದು, ಜೀವಮಾನವೆಲ್ಲ ನಡೆಸ್ಕೊಂಡು ಬಂದ. ನೀರು ಕೊಡು ಅಂತ ಬಂಡೆಗೆ ಬಾಯಲ್ಲಿ ಹೇಳು ಅಂದ್ರೆ, ಒಂದು ಸಲ ಸಿಟ್ಟಲ್ಲಿ ಕೋಲಿಂದ ಹೊಡೆದ. ಅದಕ್ಕೇ ಅವನನ್ನ ದೇವರು ತಾನೇ ಕೊಡ್ತೀನಿ ಅಂದ ದೇಶದೊಳಗೆ ಬಿಡಲ್ವಂತೆ. ಬೆಟ್ಟ ಹತ್ಕೊಂಡು ದೂರದಿಂದ ನೋಡ್ಬಿಟ್ಟು ಸಾಯ್ಬೇಕಂತೆ!"

ನನಗೆ ತಿಳಿದ ಸಮಾಧಾನಗಳನ್ನೆಲ್ಲ ಹೇಳಿದೆ. ಅವು ನನ್ನ ಕಿವಿಗೇ ಟೊಳ್ಳಾಗಿ ಕೇಳಿಸಿದವು. ಎಷ್ಟೋ ಸಲ ಓದಿ ಕಣ್ಣೀರಿಲ್ಲದೆ ದಾಟಿದ್ದ ಪುಟ ಅದು. ಅವರು ಒದ್ದೆ ಬಟ್ಟೆಗಳ ನಡುವೆ ಆ ಕಡೆ ಈ ಕಡೆ ನಡೆದಾಡಿ, "ಬೇಡ ಅಕ್ಕ, ನೀವು ದೇವರ ಪರ ವಕಾಲತ್ತು ಮಾಡ್ಬೇಡಿ," ಎಂದು ಹೊರಟೇಬಿಟ್ಟರು.

ಆ ಸಂಜೆ ನಾನು ಅವರ ಹೆಂಡತಿಯನ್ನು ನೋಡಲು ಹೋದೆ. ಚಿಕ್ಕ ಕೋಣೆ; ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಮಂಚಕ್ಕೆ ಜಾಗ ಮಾಡಿದ್ದರು. ಆಕೆ ದಿಂಬಿಗೊರಗಿ ಕುಳಿತಿದ್ದರು, ಒಂದೊಂದು ಮಾತಿಗೂ ಉಸಿರನ್ನು ಸಾಲ ತರುವಂತೆ ತಡವರಿಸುತ್ತಿದ್ದರು. ಆದರೂ ಮೊದಲು ಕೇಳಿದ್ದು, "ನಮ್ಮೆಜಮಾನ್ರು ಇನ್ನೂ ಮರಳಲ್ಲೇ ಇದಾರಾ?" ಎಂದು.

ನನಗೆ ತಡೆಯಲಾಗಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, "ಒಂದು ಸಲ ಸುವಾರ್ತೆ ತೆಗೆದು ಓದಿಬಿಡಿ. ಹಟ ಸಾಕು. ಟೈಮ್ ಇಲ್ಲ," ಎಂದೆ.

ಅವರ ಕೈ ಜೇಬಿನೊಳಗೆ ಮುಷ್ಟಿ ಕಟ್ಟಿದ್ದು ಕಾಣಿಸಿತು. "ಟೈಮ್ ಇಲ್ಲ ಅಂತ ನಂಬೋಕಾಗುತ್ತಾ ಅಕ್ಕ?" ಎಂದರು.

"ಬಿಡಿ ಅಕ್ಕ," ಎಂದು ಆಕೆ ನಕ್ಕರು. "ಹೆಣ್ಣು ನೋಡೋಕೆ ಬಂದಾಗ್ಲೂ ಹೀಗೇ. ನನ್ನ ನೋಡ್ಲಿಲ್ಲ, ನಮ್ಮನೆ ಬಾಗಿಲಿನ ತಿರುಗಣೆ ಸದ್ದು ಮಾಡುತ್ತೆ ಅಂತ ಅದನ್ನ ಬಿಚ್ಕೊಂಡು ಕೂತಿದ್ರು. ನಮ್ಮಪ್ಪ, ಹುಡುಗ ಒಪ್ಪಿದ್ನೋ ಇಲ್ವೋ ಅಂತ ಕೇಳಿದ್ರೆ, ಎಣ್ಣೆ ಇದ್ರೆ ಕೊಡಿ ಅಂದ್ರು."

ಕೆಮ್ಮು ಬಂದು ಅವರನ್ನು ಹಿಂಡಿ ಹಾಕಿತು. ಮೇಸ್ತ್ರಿ ಬೆನ್ನಿಗೆ ಕೈ ಕೊಟ್ಟು ಹಿಡಿದುಕೊಂಡರು. ಅದು ಇಳಿದ ಮೇಲೆ, ಬೆಳಗಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಹೆಂಡತಿಯ ಮುಂದೆ ತೋಡಿಕೊಂಡರು: ಮೋಶೆಗೆ ಹಾಗೆ ಮಾಡಬಾರದಿತ್ತು. ಆಕೆ ಉಸಿರು ಸರಿಮಾಡಿಕೊಂಡು, "ಬೆಟ್ಟದ ಮೇಲೆ ಅವನ ಜೊತೆ ಯಾರಿದ್ರು?" ಎಂದರು.

"ಯಾರೂ ಇಲ್ಲ. ದೇವರೊಬ್ಬನೇ. ಹೂಳಿದ್ದೂ ಅವನೇ ಅಂತ ಬರೆದಿದೆ."

"ಮತ್ತಿನ್ನೇನ್ರಿ?"

ಅದು ಉತ್ತರವೆಂದು ಆಕೆಯ ಮುಖ ಹೇಳುತ್ತಿತ್ತು. ಮೇಸ್ತ್ರಿಯ ಮುಖ ಒಪ್ಪಿರಲಿಲ್ಲ. ಬಾಗಿಲವರೆಗೆ ನನ್ನನ್ನು ಕಳಿಸಲು ಬಂದವರು, "ಅವಳಿಗೆ ಅಷ್ಟಕ್ಕೇ ಸಮಾಧಾನ. ನನಗೆ ಯಾಕೆ ಆಗಲ್ಲ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಮನೆಗೆ ಹೊತ್ತು ತಂದೆ. ಅಂದಿನ ಪ್ರಾರ್ಥನೆಯಲ್ಲಿ ಮಾತುಗಳು ಎಂದಿನಂತೆ ಹರಿಯಲಿಲ್ಲ. ಒಂದೊಂದನ್ನೂ ಎತ್ತಿ, ಇದನ್ನು ನಂಬಿ ಹೇಳುತ್ತಿದ್ದೇನೆಯೋ ಎಂದು ನೋಡುವಂತಾಯಿತು.

ಮೇಸ್ತ್ರಿಯ ಓದು ರಾಜರುಗಳ ಕಾಲಕ್ಕೆ ಬಂದಿದ್ದಾಗ ಆಕೆ ತೀರಿಕೊಂಡರು.

ಸ್ಮಶಾನದಲ್ಲಿ ಜನ ಹೆಚ್ಚಿರಲಿಲ್ಲ. ಆಕೆಯ ಕೈಯಲ್ಲಿ ಬಟ್ಟೆ ಹೊಲಿಸಿಕೊಂಡ ಹೆಂಗಸರು, ನಾವು ಬುಧವಾರದವರು, ಪಾಸ್ಟರು. ಪೆಟ್ಟಿಗೆಯನ್ನು ಇಳಿಸಿದ ಮೇಲೆ ಪಾಸ್ಟರು ತಮ್ಮ ಪುಸ್ತಕವನ್ನು ಮುಚ್ಚಿ ಮೇಸ್ತ್ರಿಯ ಕಡೆ ನೋಡಿದರು. ಸಹಾಯಕ್ಕಿರಲೆಂದು ನಾಲ್ಕು ಸಾಲು ಬರೆದುಕೊಟ್ಟಿದ್ದರಂತೆ. ಮೇಸ್ತ್ರಿ ಅದನ್ನು ಜೇಬಿನಿಂದ ತೆಗೆದು, ಓದದೆ, ವಿನಯದಿಂದಲೇ ಅವರಿಗೆ ಹಿಂದಿರುಗಿಸಿದರು.

"ದೇವರೇ," ಎಂದರು, ಲಿಫ್ಟಿನ ತಳದ ಗುಂಡಿಯೊಳಗೆ ಇಳಿದ ಸಹೋದ್ಯೋಗಿಯನ್ನು ಮೇಲಿನಿಂದ ಕೂಗುವ ದನಿಯಲ್ಲಿ. "ನಿನ್ನ ಮಗನ ವಿಷಯ ನಾನಿನ್ನೂ ಓದಿಲ್ಲ. ಅವನು ಸಮಾಧಿಯಿಂದ ಎದ್ದು ಬಂದ ಅಂತ ಇವರೆಲ್ಲ ಹೇಳ್ತಾರೆ. ಇವಳು ಅದನ್ನ ನಂಬಿದ್ಲು. ನಾನು ಇವಳನ್ನ ನಂಬಿದೀನಿ. ಸದ್ಯಕ್ಕೆ ಅಷ್ಟೇ ಇರೋದು. ನಾನು ಆ ಪುಟಕ್ಕೆ ಬರೋವರೆಗೂ ಇವಳನ್ನ ನೋಡ್ಕೋ."

ಬಗ್ಗಿ ಒಂದು ಹಿಡಿ ಮಣ್ಣು ಹಾಕಿದರು.

ವಾಪಸು ಬರುವಾಗ ಟೀಚರಮ್ಮ, "ಇದೂ ಒಂದು ಪ್ರಾರ್ಥನೆಯೇನಮ್ಮ? ಶಾಲೆಯ ಮಕ್ಕಳು ಇದಕ್ಕಿಂತ ಚೆನ್ನಾಗಿ ಹೇಳ್ತಾರೆ," ಎಂದು ಗೊಣಗಿದರು. ಗೊಣಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಸ್ತ್ರಿ ಮುಂದಿನ ಬುಧವಾರವೂ ಬಂದರು, ಈಗಲೂ ಬರುತ್ತಾರೆ. ಪ್ರವಾದಿಗಳ ಭಾಗ ನಡೆಯುತ್ತಿದೆ. ಪುಟ ಬಿಟ್ಟು ಮುಂದೆ ಹೋಗುವ ಯೋಚನೆ ಅವರಿಗಿಲ್ಲ. ಹೋಗಿ ಎಂದು ಹೇಳುವ ಧೈರ್ಯ ನಮಗೂ ಈಗಿಲ್ಲ.

ಇಂಥವರು ದೇವರ ಮನೆಯ ಸುತ್ತಮುತ್ತ ಎಲ್ಲ ಕಾಲದಲ್ಲೂ ಇರುತ್ತಾರೆ. ಒಳಗೆ ಕರೆದರೆ ಹೊಸ್ತಿಲನ್ನು ಪರೀಕ್ಷಿಸುತ್ತ ನಿಲ್ಲುತ್ತಾರೆ, ಹೊರಗೆ ಕಳಿಸಿದರೆ ಹೋಗುವುದಿಲ್ಲ. ಅವರ ಚಡಪಡಿಕೆ ಒಳಗೆ ನೆಮ್ಮದಿಯಾಗಿ ಕುಳಿತ ನಮ್ಮಂಥವರಿಗೆ ಕಿರಿಕಿರಿ, ಹಾಗಾಗಿ ಅವರಿಗೆ ಅಪನಂಬಿಕೆಯವರೆಂದು ಹೆಸರಿಟ್ಟು ಸುಮ್ಮನಾಗುತ್ತೇವೆ. ಆದರೆ ಓದಿ ಮುಗಿಸಿದ ಪುಸ್ತಕವನ್ನು ನಂಬುವುದರಲ್ಲಿ ನಮ್ಮ ಹೆಚ್ಚುಗಾರಿಕೆ ಏನಿದೆ? ತನ್ನ ಬಾಳಿನ ಏಕೈಕ ಸಂಗಾತಿಯನ್ನು ಇನ್ನೂ ತಾನು ಕಾಣದ ಒಂದು ಪುಟಕ್ಕೆ ಒಪ್ಪಿಸಿ, ಅದರ ಕಡೆಗೆ ಸಾಲು ಸಾಲಾಗಿ ನಡೆಯುತ್ತಿರುವವರಿಗೆ ಏನು ಹೆಸರಿಡಬೇಕು? ನನಗೆ ತೋಚುವುದು ಒಂದೇ ಪದ, ನಂಬಿಕೆಯವರು. ಅದನ್ನು ಅವರ ಮುಂದೆ ಹೇಳಿದರೆ ಅಲ್ಲವೆಂದು ತಲೆಯಾಡಿಸುತ್ತಾರೆ. ಅಂಥವರು ಅದನ್ನು ಎಂದೂ ಒಪ್ಪಿಕೊಳ್ಳುವುದಿಲ್ಲ.