ಒಂದಿಂಚು ಮಾಸ್ತರರ ತೋಳುಪಟ್ಟಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ಹೇಳಿದವನ ಬಾಯಿಗೆ ಹೊಲಿಗೆ ಹಾಕಿ. ದಾರ ಟೈಲರ್ ಮಾಸ್ತರರೇ ಕೊಡುತ್ತಾರೆ.

ಮಾಸ್ತರರಿಗೆ ಬೀದಿಯವರಿಟ್ಟ ಹೆಸರು ಒಂದಿಂಚು. ಯಾರ ಅಳತೆ ತೆಗೆದರೂ ಒಂದಿಂಚು ಸಡಿಲ ಬಿಡುವುದು ಅವರ ನಲವತ್ತು ವರ್ಷದ ವ್ರತ. ದೇಹ ಅಂದಮೇಲೆ ಬೆಳೆಯುತ್ತದೆ ಎಂದು ಎಂಬತ್ತು ದಾಟಿದ ಗಿರಾಕಿಗೂ ಸಮಾಧಾನ ಹೇಳುತ್ತಿದ್ದರು. ಅವರು ಹೊಲಿದ ಒಂದೇ ಅಂಗಿಯೊಳಗೆ ಗಂಡ ಹೆಂಡತಿ ಇಬ್ಬರೂ ಚಳಿಗಾಲ ಕಳೆದದ್ದುಂಟು.

ಇಂಥವರ ಎದೆಗೆ ಆಪರೇಷನ್ ಆಯಿತು. ಡಾಕ್ಟರು ತೋಳಿಗೊಂದು ಪಟ್ಟಿ ಕಟ್ಟಿ ಮನೆಗೆ ಕಳಿಸಿದರು. ಬೆಂಕಿಪೊಟ್ಟಣದಷ್ಟು ಯಂತ್ರ. ಎದೆಬಡಿತ, ಉಸಿರು, ಮೈಬಿಸಿ ಎಲ್ಲವನ್ನೂ ಊರಾಚೆಯ ಆಸ್ಪತ್ರೆಯಲ್ಲಿ ಕೂತ ನರ್ಸಮ್ಮನ ಪರದೆಗೆ ಮುಟ್ಟಿಸುತ್ತದೆ. ಹತ್ತು ದಿನ ಅಂಕಿಗಳು ಸರಿಯಿದ್ದರೆ ಮನೆ. ತಪ್ಪಿದರೆ ಮತ್ತೆ ವಾರ್ಡು. ಮಾಸ್ತರರಿಗೆ ಸಾವಿಗಿಂತ ವಾರ್ಡಿನ ಪೈಜಾಮದ ಭಯ ಹೆಚ್ಚು. ಅದರ ಎಡಗಾಲು ಬಲಗಾಲಿಗಿಂತ ಒಂದು ಗೇಣು ಉದ್ದ. ಅದನ್ನು ಹೊಲಿದವನನ್ನು ನೆನೆದರೆ ಸಾಕು, ಬಿಪಿ ಏರುತ್ತಿತ್ತು.

ನರ್ಸಮ್ಮನೋ, ನಲವತ್ತು ಎದೆಗಳನ್ನು ಒಟ್ಟಿಗೆ ಕಾಯುವವಳು. ಮಾಸ್ತರರು ಮಹಡಿ ಹತ್ತಿದರೆ ಅವಳಿಗೆ ಗೊತ್ತು. ಎಷ್ಟನೇ ಮೆಟ್ಟಿಲಲ್ಲಿ ನಿಂತು ಏದುಸಿರು ಬಿಟ್ಟರೆಂಬುದೂ ಗೊತ್ತು. ಸಂಜೆಯೊಳಗೆ ಬ್ಲೌಸ್ ಬೇಕೆನ್ನುವ ಗಿರಾಕಿ ಅಂಗಡಿಯ ಮೆಟ್ಟಿಲಿಗೆ ಕಾಲಿಡುವ ಮೊದಲೇ ಫೋನ್ ಮಾಡಿ, ಆಗಲ್ಲ ಅಂದುಬಿಡಿ ಎಂದು ಸಲಹೆ ಕೊಟ್ಟಿದ್ದಳು.

ಮೂರನೆಯ ದಿನ ಮಾಸ್ತರರ ಕೈ ಸುಮ್ಮನಿರಲಿಲ್ಲ. ತೋಳುಪಟ್ಟಿಯ ಅಳತೆ ಸರಿಯಿಲ್ಲವೆಂದು ಹೊಲಿಗೆ ಬಿಚ್ಚಿದರು, ನೀಟಾಗಿ ಒಂದಿಂಚು ಸಡಿಲ ಬಿಟ್ಟರು, ಕಾಜಾ ಸಹಿತ. ಪಟ್ಟಿ ಬಳೆಯಂತೆ ಮೊಣಕೈಗೆ ಜಾರಿತು. ಆಸ್ಪತ್ರೆಯ ಪರದೆಯಲ್ಲಿ ಗೆರೆ ಮಲಗಿತು. ತಕ್ಷಣ ಫೋನು.

"ಮಾಸ್ತರೇ, ಇದ್ದೀರಾ?"

"ನಿಮ್ಮ ಪರದೆ ಏನನ್ನುತ್ತೆ?"

"ಇಲ್ಲ ಅನ್ನುತ್ತೆ."

"ಮತ್ತೆ ನೀವು ಯಾರ ಹತ್ರ ಮಾತಾಡ್ತಿದೀರಿ?"

ವಿಷಯ ತಿಳಿದ ನರ್ಸಮ್ಮ ಒಂದಿಂಚನ್ನು ವಾಪಸ್ ಹಿಡಿಸುವವರೆಗೂ ಫೋನ್ ಇಡಲಿಲ್ಲ. ಜೀವನದಲ್ಲಿ ಮೊದಲ ಸಲ ಮಾಸ್ತರರು ಮೈಗೆ ಕಚ್ಚಿಕೊಳ್ಳುವಂತೆ ಒಂದು ವಸ್ತು ಹೊಲಿದರು.

ಏಳನೆಯ ದಿನ ಮಧ್ಯಾಹ್ನ, ಕಾಲರಿಗೆ ಕತ್ತರಿ ಹಾಕುತ್ತಿದ್ದಾಗ, ಎದೆಯೊಳಗೆ ಹೊಲಿಗೆ ಮಿಷನ್ನಿನ ಬಾಬಿನ್ ಸಿಕ್ಕಿಕೊಂಡಂತಾಯಿತು. ಎರಡು ಬಡಿತ ಬೇಗ, ಒಂದು ತಡ, ಒಂದು ನಾಪತ್ತೆ. ಮಾಸ್ತರರ ಕಣ್ಮುಂದೆ ಪೈಜಾಮ ಬಂದು ನಿಂತಿತು. ಮುಖ ಯಾಕೆ ಹೀಗಾಯ್ತು ಎಂದು ಕೇಳಿದ ಹೆಂಡತಿಗೆ, ಸೂಜಿ ಚುಚ್ಚಿತು ಎಂದರು. ಕೈಯಲ್ಲಿದ್ದದ್ದು ಕತ್ತರಿ.

ಅಷ್ಟರಲ್ಲಿ ಫೋನ್ ಬಂತು. ಮಾಸ್ತರರು ಪೆಡಲ್ ಜೋರಾಗಿ ತುಳಿದೆ ಎಂದು ನುಣುಚಿಕೊಳ್ಳಲು ನೋಡಿದರು.

"ಪೆಡಲ್ ತುಳಿದ್ರೆ ಎದೆ ಓಡುತ್ತೆ ಮಾಸ್ತರೇ, ಕುಂಟಲ್ಲ," ಎಂದಳು ನರ್ಸಮ್ಮ. "ನಿಮ್ಮ ಮನೆಯವರಿಗೆ ಫೋನ್ ಕೊಡಿ."

ಆಸ್ಪತ್ರೆಯಲ್ಲಿ ನರ್ಸಮ್ಮನ ಪಕ್ಕದಲ್ಲೇ ಡಾಕ್ಟರು ಕೂತು ಗೆರೆ ನೋಡಿದರು, ಒಂದು ಮಾತ್ರೆ ಬದಲಿಸಿದರು. ಔಷಧಿ ಅಂಗಡಿಗೆ ಹೆಂಡತಿಯೇ ಓಡಿದಳು. ಸಂಜೆಗೆ ಬಡಿತಗಳು ಸಾಲು ಹೊಲಿಗೆಯಂತೆ ಒಂದೇ ಅಂತರಕ್ಕೆ ಬಂದವು. ವಾರ್ಡಿಗೆ ಬರಬೇಕೇ ಎಂದು ಮಾಸ್ತರರು ಫೋನಿನಲ್ಲಿ ಸಣ್ಣ ದನಿಯಲ್ಲಿ ಕೇಳಿದರು.

"ಎರಡು ದಿನ ಮುಚ್ಚಿಟ್ಟಿದ್ರೆ ವಾರ್ಡೇ ಆಗ್ತಿತ್ತು," ಎಂದಳು ನರ್ಸಮ್ಮ. "ಶುರುವಿನಲ್ಲೇ ಸಿಕ್ಕಿತಲ್ಲ, ಮನೇಲೇ ಇರಿ."

ಮಾಸ್ತರರು ಪಟ್ಟಿಯನ್ನು ಮೆಲ್ಲಗೆ ಸವರಿದರು. ಬಾಯಿ ಸುಳ್ಳು ಹೇಳುವಾಗಲೂ ಇದೊಂದು ನಿಜ ಹೇಳುತ್ತದಲ್ಲ ಎಂದು ಗೌರವ ಬಂತು. ಎದುರಿಗೆ ಹೆಂಡತಿ ಮಾತ್ರೆ, ನೀರು ಹಿಡಿದು ನಿಂತಿದ್ದಳು.

"ನಾನೇ ಹೇಳೋಣ ಅಂತಿದ್ದೆ ಕಣೇ," ಎಂದರು. "ಈ ಪಟ್ಟಿ ಸ್ವಲ್ಪ ಅವಸರ ಮಾಡ್ತು. ಇನ್ನೊಂದರ್ಧ ಗಂಟೆ ಬಿಟ್ಟಿದ್ರೆ ನಾನೇ ನಿನ್ನ ಕರೆದು, ಕೂರಿಸಿ, ಮೊದಲನೇ ಬಡಿತದಿಂದ ಒಂದೊಂದಾಗಿ—"

ಹೆಂಡತಿ ಮಾತ್ರೆಯನ್ನು ಅವರ ಅಂಗೈಯಲ್ಲಿಟ್ಟು ಒಳಗೆ ಹೋದಳು.