ತಿಂಗಳಿಗೊಬ್ಬ ವಿಲನ್

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವನು ಡೈಲಾಗ್. ಟೀ ಕೇಳುವಾಗಲೂ ಕತ್ತು ಓರೆ ಮಾಡಿ, "ಟೀ ಬಿಸಿಯಾಗಿರ್ಬೇಕು. ಇಲ್ಲಾಂದ್ರೆ ನಾನು ಬಿಸಿಯಾಗ್ತೀನಿ" ಅನ್ನುವ ಆಸಾಮಿ.

ಕಸುಬು ಮಾತ್ರ ಸದ್ದಿಲ್ಲದ್ದು. ಬೀದಿಯ ಸಣ್ಣ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವುದು. ದೊಡ್ಡ ಕಂಪನಿಯವರು ವೆಬ್‌ಸೈಟ್ ಮಾಡಿಕೊಟ್ಟು, ಕೈಕುಲುಕಿ, ಮಾಯವಾಗುತ್ತಾರೆ. ಆಮೇಲೆ ದರ ಬದಲಾಗಲಿ, ಫೋಟೋ ಹಾರಿಹೋಗಲಿ, ಯಾವನೋ ಒಳಗೆ ನುಗ್ಗಿ ಜೂಜಿನ ಜಾಹೀರಾತು ಅಂಟಿಸಲಿ, ಕೇಳುವವರಿಲ್ಲ. ಡೈಲಾಗ್ ಕೇಳುತ್ತಿದ್ದ. ತಿಂಗಳಿಗೆ ಇಷ್ಟು ಅಂತ ಕೊಟ್ಟರೆ ಮುಗಿಯಿತು. ಆ ‘ಇಷ್ಟು’ ಎಷ್ಟೆಂದರೆ, ಅವನ ಕೋಣೆಯ ಕೆಳಗಿನ ಅಂಗಡಿಯ ದರ್ಜಿ ಅಕ್ಕ ಹೇಳುವ ಹಾಗೆ, ಪ್ಯಾಂಟಿನ ಉದ್ದ ಕಡಿಮೆ ಮಾಡಿದ ಕೂಲಿ.

ಅವನ ಮೊದಲ ಗಿರಾಕಿ ಸ್ವಂತ ಸೋದರಮಾವ. ಬೀಗ ರಿಪೇರಿ, ಕೀಲಿ ಮಾಡುವ ಅಂಗಡಿ. ಮಾವ ಸೇರಿದರು ಅಂತ ದರ್ಜಿ ಅಕ್ಕ ಸೇರಿದಳು, ಅಕ್ಕ ಸೇರಿದಳು ಅಂತ ಸೈಕಲ್ ಅಂಗಡಿಯವನು, ಹೀಗೆ ಬೀದಿಯೇ ಸೇರಿತ್ತು.

ಒಂದು ಸಲ ಮಾವನ ವೆಬ್‌ಸೈಟಿನಲ್ಲಿ ಗಿರಾಕಿಗಳು ಸಂದೇಶ ಬರೆಯುವ ಜಾಗ ಕೆಟ್ಟು, ಅದು ಯಾರಿಗೂ ಗೊತ್ತೇ ಆಗಿರಲಿಲ್ಲ. ಅಂದಿನಿಂದ ಡೈಲಾಗ್ ತಿಂಗಳಿಗೊಮ್ಮೆ, ಯಾವ ದಿನ ಅಂತ ಹೇಳದೆ, ತಾನೇ ಗಿರಾಕಿಯ ಹಾಗೆ ಅಲ್ಲಿಂದ ಸಂದೇಶ ಕಳಿಸಿ ನೋಡುತ್ತಿದ್ದ. ಮಾವ ಉತ್ತರ ಕೊಟ್ಟರೆ ಎಲ್ಲ ಸರಿಯಿದೆ ಅಂತ ಲೆಕ್ಕ. ಮೊದಮೊದಲು ‘ಇದು ಪರೀಕ್ಷೆ’ ಅಂತ ಬರೆದ. ಮಾವ ಅದನ್ನು ತಿರುಗಿಯೂ ನೋಡಲಿಲ್ಲ. ಆಮೇಲೆ ‘ಕತ್ತಲೆ ಕಾಳ’ ಅನ್ನುವ ಹೆಸರಿನಲ್ಲಿ, ‘ನಿನ್ನ ಅಂಗಡಿಗೆ ನೀನೇ ಬೀಗ ಹಾಕೋ ದಿನ ಬಂತು’ ಅಂತ ಕಳಿಸಿದ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ‘ಆ ಬೀಗಕ್ಕೂ ಕೀಲಿ ನಾನೇ ಮಾಡೋದು ಮಗನೇ.’

ಅವತ್ತಿನಿಂದ ಅದೇ ಪದ್ಧತಿ. ತಿಂಗಳಿಗೊಬ್ಬ ಹೊಸ ವಿಲನ್, ಎದುರಿಗೆ ಮಾವನೇ ಹೀರೋ.

ಆದರೆ ಈ ಸಲ ತಿಂಗಳು ಶುರುವಾದಾಗ ಮಾವ ಕೀಲಿ ಉಜ್ಜುತ್ತಾ ಮುಖ ಗಂಟು ಹಾಕಿಕೊಂಡರು.

"ಅಳಿಯ, ಈ ತಿಂಗಳು ಮುಗಿದ ಮೇಲೆ ವೆಬ್‌ಸೈಟ್ ಮುಚ್ಚಿಬಿಡಪ್ಪ."

"ಮಾವ! ಎದೆಗೆ ಚೂರಿ ಹಾಕ್ತಿದ್ದೀರ."

"ಚೂರಿ ಅಲ್ಲ, ನಿಜ. ವರ್ಷವಾಯ್ತು, ಅದರಲ್ಲಿ ನನಗೆ ಬರೆದವನು ನೀನೊಬ್ಬನೇ. ನಿನ್ನ ಹತ್ರ ಬೆದರಿಕೆ ಹಾಕಿಸ್ಕೊಳ್ಳೋಕೆ ನಾನೇ ದುಡ್ಡು ಕೊಡ್ಬೇಕಾ?"

ಸುದ್ದಿ ಬೀದಿ ದಾಟುವುದಕ್ಕೆ ಎಷ್ಟು ಹೊತ್ತು? ಸಂಜೆಗೆ ದರ್ಜಿ ಅಕ್ಕ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಸ್ವಂತ ಮಾವನೇ ಬಿಟ್ರೆ ನಮಗ್ಯಾಕಪ್ಪ?" ಅಂದಳು. ಡೈಲಾಗ್ ಕೂತು ಲೆಕ್ಕ ಹಾಕಿದ. ಮಾವ ಬಿಟ್ಟರೆ ಬೀದಿ ಬಿಡುತ್ತದೆ, ಬೀದಿ ಬಿಟ್ಟರೆ ಅವನು ಬಾಡಿಗೆ ಕಟ್ಟಲಾಗದೆ ಮೇಲಿನ ಕೋಣೆ ಖಾಲಿ ಮಾಡಬೇಕು. ಉಳಿಯಬೇಕಾದರೆ ಮಾವನಿಗೆ ವೆಬ್‌ಸೈಟಿನಿಂದ ಒಬ್ಬ ಗಿರಾಕಿ ಬರಬೇಕು. ಒಬ್ಬನೇ ಒಬ್ಬ ಸಾಕು.

ತಿಂಗಳ ಕೊನೆಯ ಮಧ್ಯಾಹ್ನ. ಡೈಲಾಗ್ ಸೈಕಲ್ ಅಂಗಡಿಯ ದರ ತಿದ್ದುತ್ತಿದ್ದಾಗ ಮಾವನಿಂದ ಫೋನು. ನಕ್ಕು ನಕ್ಕು ಅವರಿಗೆ ಕೆಮ್ಮೇ ಬಂದಿತ್ತು.

"ಅಳಿಯ, ಹೋಗೋ ಮುಂಚೆ ಒಳ್ಳೇದನ್ನೇ ಕಳಿಸಿದ್ದೀಯ ಬಿಡು! ಲೇಡಿ ವಿಲನ್! ಪೊಲೀಸ್ ಬೇರೆ!"

"ಯಾವ ಲೇಡಿ ಮಾವ? ನಾನಿನ್ನೂ ಈ ತಿಂಗಳದ್ದು ಕಳಿಸೇ ಇಲ್ಲ."

ಆ ಕಡೆ ನಗು ನಿಂತಿತು. ಡೈಲಾಗ್ ವೆಬ್‌ಸೈಟಿನ ಸಂದೇಶಗಳನ್ನು ತೆರೆದ.

ಹೆಸರು: ಕೇಕ್ ರಾಣಿ. ವಿಳಾಸ: ಹಿಂದಿನ ಬೀದಿ. ‘ಎಷ್ಟು ಸಲ ಫೋನ್ ಮಾಡಿದರೂ ಎತ್ತಲ್ಲ. ನಾನು ಒಳಗೇ ಇದ್ದೀನಿ. ಐದು ಗಂಟೆಯೊಳಗೆ ಬಂದು ತೆಗೆಯದಿದ್ರೆ ಬಾಗಿಲು ಒಡೆದುಕೊಂಡು ಬರ್ತೀನಿ. ಆಮೇಲೆ ಆಗೋದಕ್ಕೆಲ್ಲ ನೀನೇ ಹೊಣೆ.’

ಅದರ ಕೆಳಗೆ ಮಾವನ ಉತ್ತರ: ‘ಒಡಿ ನೋಡೋಣ. ಬೀಗ ಹಾಕಿದವನೇ ನಾನು. ಕೀಲಿ ನನ್ನ ಜೇಬಲ್ಲಿದೆ, ನಿನ್ನ ಹಣೆಬರಹ ನನ್ನ ಕೈಯಲ್ಲಿದೆ. ಹ್ಹ ಹ್ಹ ಹ್ಹ.’

ಅದರ ಕೆಳಗೆ: ‘ಅಂದ್ರೆ ನನ್ನನ್ನ ಕೂಡಿಹಾಕಿದ್ದು ನೀನೇನಾ?! ಪೊಲೀಸಿಗೆ ಹೇಳ್ತೀನಿ ಇರು!’

"ಮಾವ," ಡೈಲಾಗ್ ಕುರ್ಚಿಯಿಂದ ಎದ್ದ. "ಇದು ನಿಜವಾದ ಗಿರಾಕಿ. ಹಿಂದಿನ ಬೀದಿ ಬೇಕರಿಯವರು. ಫೋನ್ ಯಾಕೆ ಎತ್ತಲಿಲ್ಲ?"

"ಕೀಲಿ ಮಿಷನ್ ಓಡ್ತಿತ್ತಲ್ಲೋ! ಕಿವಿಗೆ ಏನೂ ಬೀಳಲ್ಲ!" ಮಾವನ ದನಿ ಇಳಿಯಿತು. "ಅಳಿಯ... ನಾನು ‘ಹ್ಹ ಹ್ಹ ಹ್ಹ’ ಬೇರೆ ಹಾಕಿದ್ದೀನಲ್ಲೋ."

ಇಬ್ಬರೂ ಓಡಿದರು. ಮಾವನ ಚೀಲದಲ್ಲಿ ಕಬ್ಬಿಣದ ಸಾಮಾನು ಗಲಗಲ ಅನ್ನುತ್ತಿದ್ದರೆ ಡೈಲಾಗ್ ಓಡುತ್ತಲೇ ಫೋನಿನಲ್ಲಿ ಬರೆದ: ‘ಬರ್ತಿದ್ದೀವಿ. ಬಾಗಿಲು ಒಡೀಬೇಡಿ. ಪೊಲೀಸೂ ಬೇಡ. ದಯವಿಟ್ಟು.’

ಬೇಕರಿಯಲ್ಲಿ ಮುಂದಿನ ಕೋಣೆ ತೆರೆದೇ ಇತ್ತು. ಕೇಕ್ ಮಾಡುವ ಒಳಕೋಣೆಯ ಬಾಗಿಲು ಮಾತ್ರ ಭದ್ರ. ಅಲಂಕಾರ ಮಾಡುವಾಗ ಯಾರೂ ನುಗ್ಗಿ ಕೈ ಹಚ್ಚದಿರಲಿ ಅಂತ ರಾಣಿ ಒಳಗಿಂದ ಬೀಗ ತಿರುಗಿಸಿದ್ದರು. ಕೆಲಸ ಮುಗಿಸಿ ತೆಗೆಯಲು ಹೋದರೆ ಕೀಲಿ ಬೀಗದೊಳಗೇ ಮುರಿದಿತ್ತು. ಐದು ಗಂಟೆಗೆ ಮುಟ್ಟಬೇಕಾದ ಮೂರಂತಸ್ತಿನ ಕೇಕೂ ಒಳಗೆ, ರಾಣಿಯೂ ಒಳಗೆ.

"ಯಾರದು?" ಒಳಗಿಂದ ಗುಡುಗಿತು.

"ಬೀಗದವರು ಮೇಡಂ," ಅಂದರು ಮಾವ, ಪಾಪದ ದನಿಯಲ್ಲಿ.

"ಹಣೆಬರಹ ಕೈಯಲ್ಲಿಟ್ಕೊಂಡಿರೋ ಬೀಗದವರಾ?"

ಮಾವ ಅಳಿಯನ ಕಡೆ ನೋಡಿದರು. ಅಳಿಯ ಗೋಡೆಯ ಕಡೆ ನೋಡಿದ.

ಮಾತಿಗಿಂತ ಕೆಲಸ ವಾಸಿ ಅನ್ನಿಸಿರಬೇಕು, ಮಾವ ಮಂಡಿಯೂರಿ ಕೂತರು. ಸಣ್ಣ ಕೊಕ್ಕೆ ತೂರಿಸಿ, ಉಸಿರು ಬಿಗಿಹಿಡಿದು, ಬೆರಳ ತುದಿಯಲ್ಲೇ ತಡವಿದರು. ಮುರಿದ ತುಂಡು ಹೊರಗೆ ಜಾರಿತು. ಬೀಗ ಕಟಕ್ ಅಂದಿತು. ಬಾಗಿಲು ತೆರೆದರೆ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡ ದಪ್ಪನೆಯ ಹೆಂಗಸು, ಕೆನೆ ತುಂಬಿದ ಚೀಲವನ್ನು ಬಂದೂಕಿನ ಹಾಗೆ ಹಿಡಿದು ನಿಂತಿದ್ದರು.

"ಇಬ್ಬರಲ್ಲಿ ಯಾರು ನಕ್ಕಿದ್ದು?"

"ಇವನು!" ಅಂದರು ಮಾವ. "ಇವರು!" ಅಂದ ಅಳಿಯ. ಇಬ್ಬರ ಮೂಗಿನ ಮೇಲೂ ಒಂದೊಂದು ಕೆನೆಯ ಹೂವು ಬಿತ್ತು.

"ಮೊದಲು ಕೇಕ್ ಹೊರಿ, ಆಮೇಲೆ ಪಂಚಾಯ್ತಿ" ಅಂದರು ರಾಣಿ. ಮೂಗಿನ ಮೇಲೆ ಹೂವಿಟ್ಟುಕೊಂಡೇ ಇಬ್ಬರೂ ಕೇಕನ್ನು ಗಾಡಿಗೆ ಸಾಗಿಸಿದರು. ಗಾಡಿ ಹೊರಟ ಮೇಲೆ ಡೈಲಾಗ್ ತಡವರಿಸುತ್ತಾ ಎಲ್ಲ ಬಿಡಿಸಿ ಹೇಳಿದ: ಪರೀಕ್ಷೆ, ಕತ್ತಲೆ ಕಾಳ, ಮಾವನ ಹೀರೋಗಿರಿ. ರಾಣಿ ಕೇಳುತ್ತಾ ಕೇಳುತ್ತಾ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ನ ವೆಬ್‌ಸೈಟ್ ನೋಡ್ಕೊಳ್ಳೋಕೂ ಒಬ್ಬ ಬೇಕಪ್ಪ. ಮಾಡಿಕೊಟ್ಟವರು ಫೋನ್ ಎತ್ತಲ್ಲ, ಇವರ ಹಾಗೇ. ನನ್ನನ್ನೂ ಬೆದರಿಸ್ತೀಯಾ?"

"ತಿಂಗಳಿಗೊಮ್ಮೆ ಗ್ಯಾರಂಟಿ ಮೇಡಂ."

ಇಬ್ಬರೂ ಮಾವನ ಅಂಗಡಿಯ ಕಡೆ ನಡೆದರು. ಅಂಗಡಿ ಬಾಗಿಲು ಬಂದಾಗ ಡೈಲಾಗ್ ತಾನೇ ಕೇಳಿದ, "ಹಾಗಾದ್ರೆ ನಾಳೆ ಮುಚ್ಚಿಬಿಡ್ಲಾ ಮಾವ?"

"ಏನನ್ನ?"

"ವೆಬ್‌ಸೈಟು."

"ಯಾವನೋ ಅಂದವನು ಮುಚ್ಚು ಅಂತ? ಗಿರಾಕಿ ಬರೋಕೆ ಶುರುವಾಗಿರೋ ಹೊತ್ತಲ್ಲಿ!" ಮಾವ ಮೂಗು ಒರೆಸಿಕೊಂಡರು. "ನನ್ನ ಫೋಟೋ ಬದಲಾಯಿಸು. ಅದರಲ್ಲಿ ಕಳ್ಳನ ಹಾಗಿದ್ದೀನಿ. ಮತ್ತೆ ನಿನ್ನ ವಿಲನ್‌ಗಳನ್ನ ಮನೆಗೆ ಕಳಿಸು. ಇನ್ಮೇಲೆ ಮರ್ಯಾದೆಯಾಗಿ ಬರಿ."

ಮುಂದಿನ ತಿಂಗಳು ಡೈಲಾಗ್ ತುಂಬ ಮರ್ಯಾದೆಯಾಗಿ ಬರೆದ. ‘ಮಾನ್ಯರೇ, ನಮಸ್ಕಾರ. ತಮ್ಮ ಸೇವೆ ನಮಗೆ ಬೇಕಾಗಿದೆ. ದಯಮಾಡಿ ಉತ್ತರಿಸಿ.’ ವಿಳಾಸದ ಜಾಗದಲ್ಲಿ, ಮಾವ ಎಂದೂ ಹತ್ತಿ ಬಾರದ ತನ್ನ ಕೋಣೆಯ ಬಾಗಿಲ ನಂಬರನ್ನೇ ಹಾಕಿ, ಕೆಳಗೆ ‘ಇದು ಪರೀಕ್ಷೆ ಮಾತ್ರ’ ಅಂತಲೂ ಸೇರಿಸಿ ಕಳಿಸಿದ. ಉತ್ತರ ಬರಲಿಲ್ಲ. ಕಾದ. ಆಗಲೂ ಬರಲಿಲ್ಲ. ಮತ್ತೆ ಕೆಟ್ಟಿತಾ ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಮೆಟ್ಟಿಲ ಮೇಲೆ ಗಲಗಲ ಸದ್ದು.

ಬಾಗಿಲು ತೆಗೆದರೆ ಮಾವ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಹೆಗಲಲ್ಲಿ ಸಾಮಾನಿನ ಚೀಲ. ಅವನನ್ನು ನೋಡಿ ಮಾವನಿಗೆ ಆಶ್ಚರ್ಯ.

"ನೀನೇನೋ ಇಲ್ಲಿ? ಪಕ್ಕಕ್ಕೆ ಸರಿ. ಯಾರೋ ದೊಡ್ಡ ಮನುಷ್ಯರು ಕರೆದಿದ್ದಾರೆ. ಬೀಗ ಎಲ್ಲಿದೆ?"